ಮಂಗಳೂರು ಹಳೇ ಬಂದರಿನ ತಂಗುಮನೆ ಮತ್ತು ಅಲ್ಲಿ ಉಳಿದ ಬರಹಗಾರರು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿ ಬೆಳೆದದ್ದು ಬಂದರಿನ ಒಂದು ಓಣಿಯಲ್ಲಿ. ನಮ್ಮ ಅಜ್ಜ ಅಲ್ಲೇ ಒಂದು ಮಂಡಿಯಲ್ಲಿ ರೈಟರ್ ಆಗಿದ್ದರು. ಈಗ ಮನೆ ಬೇರೆ ಕಡೆ ಇದೆ. ಆದರೂ ಊರಿಗೆ ಯಾರಾದರೂ ನೆಂಟರು, ಸ್ನೇಹಿತರು ಬಂದರೆ ನಾನು ಅವರನ್ನು ಕರೆದುಕೊಂಡು ಹೋಗುವುದು ಬೀಚಿಗಲ್ಲ, ಹಳೇ ಬಂದರಿಗೆ. ನಾನೂರರಿಂದ ಒಂಬೈನೂರು ವರ್ಷಗಳ ಹಿಂದೆ ಇಲ್ಲಿ ಬಂದು ಉಳಿದು, ಉಳಿದದ್ದನ್ನು ಬರೆದಿಟ್ಟವರ ಕಥೆ ಹೇಳುತ್ತೇನೆ. ಕೇಳಿದವರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

ಹನ್ನೆರಡನೇ ಶತಮಾನದ ಯಹೂದಿ ವ್ಯಾಪಾರಿ ಬೆನ್ ಯಿಜು ಇದ್ದ ಮನೆ ಎಲ್ಲಿದೆ? ಅದನ್ನು ತೋರಿಸ್ತೀರಾ?

ಅಂಥ ಮನೆ ಇವತ್ತು ಇಲ್ಲ. ಯಾರಾದರೂ ಒಂದು ಹಳೇ ಕಟ್ಟಡದ ಎದುರು ನಿಲ್ಲಿಸಿ "ಇದೇ ಆ ಯಹೂದಿ ವ್ಯಾಪಾರಿಯ ಮನೆ" ಅಂದರೆ ನಂಬಬೇಡಿ. ಒಮ್ಮೆ ಬೆಂಗಳೂರಿನಿಂದ ಬಂದ ನನ್ನ ಗೆಳತಿಗೆ ಒಬ್ಬ ಗೈಡ್ ಹಾಗೇ ಹೇಳಿ ಫೋಟೊ ತೆಗೆಸಿದ್ದ. ಆ ಕಟ್ಟಡಕ್ಕೆ ಇದ್ದದ್ದು ಮಂಗಳೂರು ಹಂಚಿನ ಮಾಡು. ಇಲ್ಲಿ ಮೊದಲ ಹಂಚಿನ ಕಾರ್ಖಾನೆ ಶುರುವಾದದ್ದೇ 1865ರಲ್ಲಿ, ಜೆಪ್ಪುವಿನಲ್ಲಿ, ಬಾಸೆಲ್ ಮಿಶನ್‌ನವರಿಂದ. ಬೆನ್ ಯಿಜು ಇದ್ದದ್ದು 1132ರ ಹೊತ್ತಿಗೆ. ನಡುವೆ ಏಳುನೂರು ವರ್ಷಗಳ ಅಂತರ ಇದೆ.

ನಮ್ಮ ಕರಾವಳಿಯಲ್ಲಿ ಆ ಕಾಲದ ಮನೆ ಉಳಿಯುವುದೂ ಕಷ್ಟ. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ. ಮಣ್ಣಿನ ಗೋಡೆ, ಮರದ ಕಂಬ, ಮುಳಿಹುಲ್ಲಿನ ಮಾಡು. ಗೆದ್ದಲು ಬೇರೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಸಮುದ್ರ ಸೇರುವ ಅಳಿವೆ ಬಾಗಿಲೂ ಒಂದೇ ಕಡೆ ನಿಲ್ಲುವುದಲ್ಲ, ಮರಳು ಅದನ್ನು ಅತ್ತಿತ್ತ ಸರಿಸುತ್ತಲೇ ಇರುತ್ತದೆ. ಆ ಮನೆಯಿಂದ ಉಳಿದದ್ದು ಕಾಗದ ಮಾತ್ರ. ಅದೂ ಇಲ್ಲಿ ಉಳಿಯಲಿಲ್ಲ, ಈಜಿಪ್ಟಿನಲ್ಲಿ ಉಳಿಯಿತು.

ಬೆನ್ ಯಿಜು ಅಂದರೆ ಯಾರು?

ಪೂರ್ತಿ ಹೆಸರು ಅಬ್ರಹಾಂ ಬೆನ್ ಯಿಜು. ಊರು ಮಹ್ದಿಯಾ, ಈಗಿನ ಟ್ಯುನೀಶಿಯಾದ ಕಡಲ ತೀರದ ಪಟ್ಟಣ. ಯಹೂದಿ. ಅಪ್ಪ ಧರ್ಮಗುರು. ಮಗ ವ್ಯಾಪಾರಕ್ಕೆ ಇಳಿದು ಈಜಿಪ್ಟ್, ಯೆಮನ್‌ನ ಬಂದರು ಏಡನ್ ದಾಟಿ ನಮ್ಮ ಬಂದರಿಗೆ ಬಂದ. ಇಲ್ಲಿ ಸುಮಾರು 17 ವರ್ಷ ಇದ್ದ. 1149ರಲ್ಲಿ ವಾಪಸ್ ಹೊರಟ.

ಇಲ್ಲಿಂದ ಅವನು ಕಳಿಸುತ್ತಿದ್ದ ಮಾಲು ನೋಡಿ: ಕರಿಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ, ಕಂಚಿನ ಪಾತ್ರೆ. ಏಡನ್‌ನ ಸ್ನೇಹಿತರು ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ಕಳಿಸುತ್ತಿದ್ದರು. ಕಾಗದ ಇಲ್ಲಿ ಸಿಗುತ್ತಿರಲಿಲ್ಲ, ನಮ್ಮವರು ಆಗ ತಾಳೆಗರಿಯಲ್ಲಿ ಬರೆಯುತ್ತಿದ್ದರು ಅಲ್ವಾ. ಹಾಗಾಗಿ ಬೆನ್ ಯಿಜು ಒಂದು ಚೂರು ಕಾಗದವನ್ನೂ ಹಾಳು ಮಾಡುತ್ತಿರಲಿಲ್ಲ. ಬಂದ ಪತ್ರದ ಹಿಂಬದಿಯಲ್ಲಿ, ಅಂಚಿನಲ್ಲಿ ಲೆಕ್ಕ ಬರೆಯುತ್ತಿದ್ದ, ಪತ್ರದ ಕರಡು ಬರೆಯುತ್ತಿದ್ದ. ಭಾಷೆ ಅರಬ್ಬಿ, ಲಿಪಿ ಹೀಬ್ರೂ.

ಅವನು ಕವಿಯೂ ಹೌದು, ಹೀಬ್ರೂ ಭಾಷೆಯಲ್ಲಿ ಪ್ರಾರ್ಥನಾ ಗೀತೆಗಳನ್ನು ಬರೆದವನು. ಬಂದರಿನ ಭಾಷೆಯಲ್ಲಿ ರೈಟರ್ ಅಂದರೆ ಕಥೆ ಬರೆಯುವವನಲ್ಲ, ಲೆಕ್ಕ ಬರೆಯುವವನು. ಬೆನ್ ಯಿಜು ಎರಡೂ ಆಗಿದ್ದ. ನನಗೆ ಅವನು ತುಂಬಾ ಹತ್ತಿರದವನು ಅನ್ನಿಸುವುದು ಅದಕ್ಕೇ.

ಅವನ ಪತ್ರಗಳಲ್ಲಿ ಏನಿದೆ? ಬರೀ ಲೆಕ್ಕವಾ?

ಲೆಕ್ಕವೇ ಜಾಸ್ತಿ. ಆದರೆ ಆ ಲೆಕ್ಕ ಓದಲು ಒಳ್ಳೇ ಕಥೆಗಿಂತ ಕಡಿಮೆ ಇಲ್ಲ.

ಒಂದು ಉದಾಹರಣೆ. ಏಲಕ್ಕಿ ಕೊಡುತ್ತೇನೆಂದು ಮುಂಗಡ ಹಣ ತೆಗೆದುಕೊಂಡ ಇಲ್ಲಿನ ಒಬ್ಬ ಕಾರ್ದಾರ, ಅಂದರೆ ಮಾಲು ಒದಗಿಸುವ ದಲ್ಲಾಳಿ, ಮಾಲನ್ನೇ ಕೊಡಲಿಲ್ಲ. ಏಡನ್‌ನವರು ಬೆನ್ ಯಿಜುಗೆ ಬರೆಯುತ್ತಾರೆ: ಅವನನ್ನು ಬಿಡಬೇಡ, ಹೆದರಿಸು, ನಾಚಿಕೆಪಡಿಸು, ಹೇಗಾದರೂ ವಸೂಲಿ ಮಾಡು. ಅಡಿಕೆ, ಮೆಣಸಿನ ವ್ಯಾಪಾರದಲ್ಲಿ ಇದ್ದವರು ಇದನ್ನು ಓದಿದರೆ ನಿನ್ನೆಯ ಮಾತು ಅನ್ನಿಸುತ್ತದೆ.

ಇನ್ನೊಂದು ಪತ್ರದಲ್ಲಿ ಹಡಗು ಮುಳುಗಿದ ಸುದ್ದಿ. ಅದರಲ್ಲಿ ಕಬ್ಬಿಣವೂ ಇತ್ತು, ಮೆಣಸೂ ಇತ್ತು. ಏಡನ್‌ನಿಂದ ಮುಳುಗುಗಾರರನ್ನು ಕರೆಸಿ ಕಬ್ಬಿಣದ ಅರ್ಧದಷ್ಟನ್ನು ಮೇಲೆತ್ತಿದರಂತೆ. ಮೆಣಸು ಪೂರ್ತಿ ಹೋಯಿತು. ಒದ್ದೆಯಾದ ಮೆಣಸಿನ ಕಥೆ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಷ್ಟು ವರ್ಷ ಇಲ್ಲೇ ಯಾಕೆ ಉಳಿದ? ಬಂದವರು ಮಾಲು ಹಾಕಿಕೊಂಡು ಹೊರಡುತ್ತಿರಲಿಲ್ಲವಾ?

ಹೊರಡಲು ಆಗುತ್ತಿರಲಿಲ್ಲ. ಇದು ಅರ್ಥವಾದರೆ ಬಂದರಿನ ತಂಗುಮನೆಗಳ ಕಥೆಯೂ ಅರ್ಥವಾಗುತ್ತದೆ.

ಹಾಯಿ ಹಡಗಿಗೆ ಗಾಳಿಯೇ ಯಜಮಾನ. ನೈಋತ್ಯ ಮುಂಗಾರಿನ ಅಬ್ಬರ ತಗ್ಗುವ ಹೊತ್ತಿಗೆ, ಅಂದರೆ ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಏಡನ್ ಕಡೆಯಿಂದ ಹಡಗು ಬಿಡುತ್ತಿದ್ದರು. ವಾಪಸ್ ಹೋಗಲು ಗಾಳಿ ತಿರುಗಬೇಕು. ಚಳಿಗಾಲದಲ್ಲಿ ಈಶಾನ್ಯದ ಗಾಳಿ ಬೀಸಿದಾಗ ಹೊರಡಬೇಕು. ಅದು ತಪ್ಪಿತೋ, ಜೂನ್ ಬಂತು, ಕಡಲು ಮುಚ್ಚಿತು. ಮತ್ತೆ ತಿಂಗಳುಗಟ್ಟಲೆ ಇಲ್ಲೇ. ಹಾಗಾಗಿ ಬಂದರು ಅಂದರೆ ಬರೀ ಹಡಗು ನಿಲ್ಲುವ ಜಾಗ ಆಗಿರಲಿಲ್ಲ. ಗಾಳಿ ತಿರುಗುವ ತನಕ ಮನುಷ್ಯರು ಕಾಯುವ ಜಾಗ. ಅವರಿಗೆ ಮಲಗಲು ಜಾಗ ಬೇಕು, ಮಾಲಿಗೆ ಕೊಟ್ಟಿಗೆ ಬೇಕು, ಅವರ ಪದ್ಧತಿಯ ಅಡುಗೆ ಬೇಕು, ಭಾಷೆ ಗೊತ್ತಿರುವ ಒಬ್ಬ ಮಧ್ಯಸ್ಥ ಬೇಕು.

ಈಗಲೂ ಕಡಲಿನ ಆ ಲೆಕ್ಕ ಪೂರ್ತಿ ಹೋಗಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಆಗ ದಕ್ಕೆಗೆ, ಅಂದರೆ ಬೋಟು ಕಟ್ಟುವ ಕಟ್ಟೆಗೆ, ಹೋದರೆ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ.

ಬೆನ್ ಯಿಜು ಮಾತ್ರ ಗಾಳಿಗಾಗಿ ಕಾದವನಲ್ಲ. ಅವನು ಇಲ್ಲಿ ಮನೆ ಮಾಡಿದ, ಸಂಸಾರ ಮಾಡಿದ.

ಆಗ ಬಂದರಿನಲ್ಲಿ ತಂಗುಮನೆ ಅಂತ ನಿಜವಾಗಿ ಇತ್ತಾ?

ಇತ್ತು. ಇದಕ್ಕೆ ಒಳ್ಳೇ ಸಾಕ್ಷಿ ಇಬ್ನ್ ಬತೂತ. ಮೊರಾಕ್ಕೊದ ಈ ಯಾತ್ರಿಕ ದೆಹಲಿಯ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟಿದ್ದಾಗ, 1342ರ ಸುಮಾರಿಗೆ, ನಮ್ಮ ಕರಾವಳಿಗುಂಟ ಬಂದ. ಹೊನ್ನಾವರ, ಬಾರ್ಕೂರು, ಆಮೇಲೆ ಮಂಗಳೂರು. ಬಾರ್ಕೂರನ್ನು ಅವನು ಫಾಕನೂರ್ ಅನ್ನುತ್ತಾನೆ, ಮಂಗಳೂರನ್ನು ಮಂಜರೂರ್.

ಗೋವಾ ಕಡೆಯಿಂದ ಕೊಲ್ಲಂ ತನಕದ ಇಡೀ ದಾರಿಯ ಬಗ್ಗೆ ಅವನು ಬರೆದ ಒಂದು ವಿವರ ನನಗೆ ಬಹಳ ಇಷ್ಟ. ದಾರಿಯುದ್ದಕ್ಕೂ ಮರಗಳ ನೆರಳು. ಪ್ರತಿ ಅರ್ಧ ಮೈಲಿಗೆ ಒಂದು ಮರದ ಮನೆ. ಅದರಲ್ಲಿ ಕುಳಿತುಕೊಳ್ಳಲು ಜಗಲಿ. ಯಾವ ಧರ್ಮದ ದಾರಿಹೋಕನಾದರೂ ಅಲ್ಲಿ ಕೂರಬಹುದು. ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಆಳು. ಓದುವಾಗ ನಮ್ಮ ಊರಿನ ಅರವಟ್ಟಿಗೆ, ಕಟ್ಟೆ ಎಲ್ಲ ಕಣ್ಣ ಮುಂದೆ ಬಂದವು.

ಮುಂದಿನ ಸಾಲನ್ನೂ ಬಿಡುವ ಹಾಗಿಲ್ಲ. ಆ ಆಳು ಹಿಂದೂಗಳಿಗೆ ಪಾತ್ರೆಯಲ್ಲಿ ನೀರು ಕೊಡುತ್ತಾನೆ, ಮುಸ್ಲಿಮರಿಗೆ ಮೇಲಿನಿಂದ ಬೊಗಸೆಗೆ ಹೊಯ್ಯುತ್ತಾನೆ. ಮುಸ್ಲಿಮರಿಗೆ ಮನೆಯೊಳಗೆ ಪ್ರವೇಶ ಇಲ್ಲ, ಊಟ ಕೊಟ್ಟರೆ ಬಾಳೆಲೆಯಲ್ಲಿ. ಮಡಿ ಮೈಲಿಗೆಯ ಈ ನಡವಳಿಕೆಯನ್ನು ಅವನು ಕಂಡ ಹಾಗೇ ಬರೆದಿದ್ದಾನೆ. ಬೊಗಸೆಗೆ ನೀರು ಹೊಯ್ಯಿಸಿಕೊಂಡವರು ನಮ್ಮ ಊರಲ್ಲಿ ಮುಸ್ಲಿಮರು ಮಾತ್ರ ಅಲ್ಲ. ನಮ್ಮ ಅಜ್ಜಿ ಕಾಲದ ತನಕವೂ ಅದು ನಡೆದದ್ದು ನಮಗೆಲ್ಲ ಗೊತ್ತು. ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇದೇ ಕಾರಣಕ್ಕೆ, ದಾರಿಯ ಪ್ರತಿ ತಂಗುದಾಣದಲ್ಲೂ ಮುಸ್ಲಿಂ ಮನೆಗಳಿದ್ದವು ಅನ್ನುತ್ತಾನೆ. ಮುಸ್ಲಿಂ ಪ್ರಯಾಣಿಕರು ಅಲ್ಲಿ ಇಳಿದುಕೊಳ್ಳುತ್ತಿದ್ದರು, ಬೇಕಾದ ಸಾಮಾನು ಅವರಿಂದಲೇ ಕೊಳ್ಳುತ್ತಿದ್ದರು. ಕರಾವಳಿಯ ಹಳೇ ತಂಗುಮನೆ ಅಂದರೆ ಅದೇ. ಬೋರ್ಡು ಹಾಕಿದ ಛತ್ರ ಅಲ್ಲ, ಗುರುತಿನವರ ಮನೆ.

ಇಬ್ನ್ ಬತೂತ ಮಂಗಳೂರಿನಲ್ಲಿ ಎಷ್ಟು ದಿನ ಇದ್ದ?

ಮೂರು ದಿನ. ಅವನು ಕೂಡಲೇ ಹಡಗಿನಿಂದ ಇಳಿಯಲಿಲ್ಲ. ಊರಿನ ಕಾಜಿ ಬದ್ರುದ್ದೀನ್ ಎಂಬವರು ಹಡಗಿಗೇ ಬಂದು ಊರೊಳಗೆ ಬನ್ನಿ ಎಂದು ಕರೆದರು. ಇವನು, ಇಲ್ಲಿನ ಅರಸ ತನ್ನ ಮಗನನ್ನು ಹಡಗಿನಲ್ಲಿ ಒತ್ತೆ ಇಟ್ಟರೆ ಮಾತ್ರ ಬರುತ್ತೇನೆ ಅಂದ. ಬಾರ್ಕೂರಿನ ಅರಸ ಹಾಗೆ ಮಾಡಿದ್ದ. ಮಂಗಳೂರಿನ ಅರಸನೂ ಮಗನನ್ನು ಕಳಿಸಿದ. ಆಮೇಲೆ ಇವನು ಇಳಿದ.

ಆಗ ಇಲ್ಲಿ ಸುಮಾರು 4,000 ಮುಸ್ಲಿಮರು ಊರಿನ ಪಕ್ಕದ ಕೇರಿಯಲ್ಲಿ ವಾಸವಾಗಿದ್ದರು ಎಂದು ಬರೆದಿದ್ದಾನೆ. ಪರ್ಷಿಯಾ, ಯೆಮನ್ ಕಡೆಯ ವ್ಯಾಪಾರಿಗಳು ಇಳಿಯುವ ಬಂದರು ಇದು, ಮೆಣಸು ಶುಂಠಿ ಧಾರಾಳ ಅನ್ನುತ್ತಾನೆ. ಅವರಿಗೂ ಊರಿನವರಿಗೂ ಆಗಾಗ ಜಗಳ ಆಗುತ್ತಿತ್ತಂತೆ. ಅರಸ ನಡುವೆ ಬಂದು ರಾಜಿ ಮಾಡಿಸುತ್ತಿದ್ದ, ಯಾಕೆಂದರೆ ಅವನಿಗೆ ವ್ಯಾಪಾರಿಗಳು ಬೇಕಿತ್ತು. ಈ ಸಾಲನ್ನು ನಾನು ಬಂದವರಿಗೆಲ್ಲ ಓದಿ ಹೇಳುತ್ತೇನೆ.

ಬೊಮ್ಮ ಯಾರು? ತುಳುವನಾ?

ಬೊಮ್ಮ ಬೆನ್ ಯಿಜುವಿನ ಆಳು. ಪತ್ರಗಳು ಅವನನ್ನು ಗುಲಾಮ ಅನ್ನುತ್ತವೆ. ಆದರೆ ಆ ಕಾಲದ ಕಡಲ ವ್ಯಾಪಾರದಲ್ಲಿ ಆ ಪದಕ್ಕೆ ನಾವು ಇವತ್ತು ತಿಳಿಯುವ ಅರ್ಥ ಮಾತ್ರ ಇರಲಿಲ್ಲ. ಯಜಮಾನನ ಪರವಾಗಿ ಮಾಲು ಹಿಡಿದುಕೊಂಡು ಹೋಗುವ, ಹಣ ಎಣಿಸಿಕೊಳ್ಳುವ ನಂಬಿಕೆಯ ಗುಮಾಸ್ತನಿಗೂ ಅದೇ ಪದ. ಬೊಮ್ಮ ಏಡನ್‌ಗೆ ಹೋಗಿ ವ್ಯವಹಾರ ಮುಗಿಸಿಕೊಂಡು ಬರುತ್ತಿದ್ದ. ಅಲ್ಲಿ ಒಮ್ಮೆ ಕುಡಿದು ದುಡ್ಡಿಗಾಗಿ ಗಲಾಟೆ ಮಾಡಿದ ಎಂದು ಅಲ್ಲಿನ ದೊಡ್ಡ ವ್ಯಾಪಾರಿ ಮದ್ಮೂನ್ ದೂರು ಬರೆದಿದ್ದಾನೆ. ವರ್ಷಗಳು ಕಳೆದ ಮೇಲೆ, 1148ರ ಒಂದು ಪತ್ರದಲ್ಲಿ, ಏಡನ್‌ನ ಇನ್ನೊಬ್ಬ ವ್ಯಾಪಾರಿ ಖಲಫ್ ಇದೇ ಬೊಮ್ಮನಿಗೆ ಪ್ರೀತಿಯಿಂದ ಸಲಾಂ ಹೇಳುತ್ತಾನೆ. ಆ ಎರಡು ಪತ್ರಗಳ ನಡುವೆ ಒಬ್ಬ ಮನುಷ್ಯ ದೊಡ್ಡವನಾದ.

ಹೆಸರಿನ ವಿಷಯ. ಆ ಬರಹದಲ್ಲಿ ಸ್ವರಗಳು ಪೂರ್ತಿ ಇರುವುದಿಲ್ಲ. ಬ, ಮ ಅಂತ ಇದೆ. ಅದನ್ನು ಹೇಗೆ ಓದುವುದು? ಕಾದಂಬರಿಕಾರ ಅಮಿತಾವ್ ಘೋಷ್ ಈ ಪ್ರಶ್ನೆ ಹಿಡಿದುಕೊಂಡು 1990ರಲ್ಲಿ ಮಂಗಳೂರಿಗೆ ಬಂದರು. ತುಳು ಜಾನಪದ ವಿದ್ವಾಂಸರಾದ ಪ್ರೊ. ಬಿ. ಎ. ವಿವೇಕ ರೈ ಅವರೊಡನೆ ಮಾತಾಡಿದ ಮೇಲೆ ಅದು ತುಳುನಾಡಿನ ಬೊಮ್ಮ ಎಂಬ ಹೆಸರು ಎಂದು ಅವರಿಗೆ ಸ್ಪಷ್ಟವಾಯಿತು. ನಮ್ಮ ಕಿವಿಗೆ ಅದು ಎಷ್ಟು ಸಹಜ ನೋಡಿ. ಬೊಮ್ಮಯ್ಯ, ಬೊಮ್ಮಣ್ಣ ಅಂತ ಕರೆದೇ ಬೆಳೆದವರು ನಾವು. ದೊಡ್ಡ ದೊಡ್ಡ ಗ್ರಂಥಾಲಯಗಳಲ್ಲಿ ಬಿಡಿಸಲಾಗದ ಗಂಟು ಇಲ್ಲಿ ಒಂದು ಮಾತುಕತೆಯಲ್ಲಿ ಬಿಚ್ಚಿತು.

ಘೋಷ್ ಅವರ ಆ ಪುಸ್ತಕ ಯಾವುದು?

'ಇನ್ ಆ್ಯನ್ ಆಂಟೀಕ್ ಲ್ಯಾಂಡ್'. 1992ರಲ್ಲಿ ಬಂತು. ಅರ್ಧ ಈಜಿಪ್ಟಿನ ಹಳ್ಳಿಯಲ್ಲಿ ಅವರು ಕಳೆದ ದಿನಗಳು, ಇನ್ನರ್ಧ ಬೆನ್ ಯಿಜು ಮತ್ತು ಬೊಮ್ಮನ ಹುಡುಕಾಟ. ಮಂಗಳೂರಿನ ಭಾಗ ಕೊನೆಯ ಕಡೆ ಬರುತ್ತದೆ. ಅದರಲ್ಲಿ ಬೊಬ್ಬರ್ಯನ ಮಾತೂ ಇದೆ. ಮೊಗವೀರರು ನಂಬುವ, ಕಡಲಿಗೆ ಹೋದವರನ್ನು ಕಾಯುವ ಭೂತ. ತುಳು ಜನಪದ ಹಾಡಾದ ಪಾಡ್ದನದ ಪ್ರಕಾರ ಬೊಬ್ಬರ್ಯನ ಅಪ್ಪ ಮುಸ್ಲಿಂ ವ್ಯಾಪಾರಿ. ನಮ್ಮ ತೀರದುದ್ದಕ್ಕೂ ಅವನ ಸ್ಥಾನಗಳಿವೆ.

ಬೆನ್ ಯಿಜು ಮದುವೆಯಾದದ್ದು ಇಲ್ಲಿನವಳನ್ನಾ?

ಹೌದು, ಅವಳ ಹೆಸರು ಆಶು. 1132ರ ಅಕ್ಟೋಬರ್ 17ರಂದು ಅವನು ಅವಳನ್ನು ಗುಲಾಮಗಿರಿಯಿಂದ ಬಿಡುಗಡೆ ಮಾಡಿದ ಪತ್ರ ಇದೆ. ಮಹಾಸಮುದ್ರದ ದಡದ ಮಂಜರೂರ್ ಪಟ್ಟಣದಲ್ಲಿ ಬರೆದದ್ದು ಎಂದು ಅದರಲ್ಲೇ ಇದೆ. ಆಗ ಈ ಕಡೆ ಆಳುತ್ತಿದ್ದದ್ದು ಆಳುಪ ವಂಶದ ಅರಸ ಕವಿ ಆಳುಪೇಂದ್ರ. ಆಶು ನಾಯರ್ ಕುಟುಂಬದವಳಿರಬಹುದು ಎಂದು ಘೋಷ್ ಊಹಿಸುತ್ತಾರೆ, ಯಾಕೆಂದರೆ ಬೆನ್ ಯಿಜುವಿನ ಲೆಕ್ಕದ ಚೀಟಿಯಲ್ಲಿ ನಾಯರ್ ಎಂಬ ಭಾವನೆಂಟನ ಹೆಸರು ಬರುತ್ತದೆ.

1149ರಲ್ಲಿ ಏಡನ್ ತಲುಪಿದ ಮೇಲೆ ಅವನು ತನ್ನ ಅಣ್ಣತಮ್ಮಂದಿರಿಗೆ ಬರೆದ ಪತ್ರದಲ್ಲಿ ಮಗ, ಮಗಳು ಇಬ್ಬರ ಮಾತಿದೆ. ಆಶು ಮಾತಿಲ್ಲ. ಮಗಳು ಸಿತ್ ಅಲ್-ದಾರ್ 1156ರಲ್ಲಿ ಈಜಿಪ್ಟಿನಲ್ಲಿ ಚಿಕ್ಕಪ್ಪನ ಮಗನನ್ನು ಮದುವೆಯಾದಳು. ಮಂಗಳೂರಿನ ಮಳೆಯಲ್ಲಿ ಆಡಿ ಬೆಳೆದ ಹುಡುಗಿ. ತಾಯಿಯ ಭಾಷೆಯಲ್ಲಿ ಅವಳು ಅಲ್ಲಿ ಯಾರೊಡನೆ ಮಾತಾಡಿದ್ದಾಳು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಬೆನ್ ಯಿಜುವಿನ ಕಂಚಿನ ಕಾರ್ಖಾನೆ ಎಲ್ಲಿತ್ತು?

ಜಾಗ ತೋರಿಸಲು ಆಗದು. ಕೆಲಸ ಹೇಗೆ ನಡೆಯುತ್ತಿತ್ತು ಅಂತ ಹೇಳಬಹುದು. ಏಡನ್‌ನವರು ಒಡೆದ ಹಳೇ ತಾಮ್ರ, ಕಂಚು ಕಳಿಸುತ್ತಿದ್ದರು. ಜೊತೆಗೆ ಇಂಥ ಪಾತ್ರೆ, ಇಂಥ ದೀಪ, ಇಷ್ಟು ದೊಡ್ಡದು ಅಂತ ವಿವರ. ಇಲ್ಲಿ ಅದನ್ನು ಕರಗಿಸಿ ಹೊಸದು ಎರಕ ಹೊಯ್ದು ವಾಪಸ್ ಕಳಿಸುತ್ತಿದ್ದರು. ಅಷ್ಟು ದೂರದಿಂದ ಮುರುಕು ಲೋಹ ಹಡಗಿನಲ್ಲಿ ಹಾಕಿ ಕಳಿಸಬೇಕಾದರೆ ನಮ್ಮ ಕಂಚುಗಾರರ ಕೈ ಎಂಥದಿರಬೇಕು!

ಆ ಕೈ ನೋಡಬೇಕಾದರೆ ಕದ್ರಿಗೆ ಹೋಗಿ. ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿ 968ರದ್ದು, ಆಳುಪ ಅರಸ ಕುಂದವರ್ಮನ ಕಾಲದ್ದು. ಬೆನ್ ಯಿಜು ಬರುವ ಹೊತ್ತಿಗೆ ಅದಕ್ಕೆ ನೂರಾ ಅರುವತ್ತಕ್ಕೂ ಜಾಸ್ತಿ ವರ್ಷ ಆಗಿತ್ತು.

ಇನ್ನು ಯಾರೆಲ್ಲ ಬರಹಗಾರರು ಇಲ್ಲಿ ಉಳಿದಿದ್ದಾರೆ?

ಇಬ್ಬರ ಹೆಸರು ಹೇಳಲೇಬೇಕು. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಕಲ್ಲಿಕೋಟೆಯಿಂದ ಸಮುದ್ರದ ದಾರಿಯಲ್ಲಿ ಬಂದು, ಇಲ್ಲಿ ಎರಡು ಮೂರು ದಿನ ಉಳಿದು, ಘಟ್ಟ ಹತ್ತಿ ವಿಜಯನಗರಕ್ಕೆ ಹೋದ. ಮಂಗಳೂರಿನಿಂದ ಸ್ವಲ್ಪ ದೂರದಲ್ಲಿ ಕಂಡ, ಪೂರ್ತಿ ಎರಕದ ಲೋಹದ ದೇವಸ್ಥಾನವನ್ನು ಅವನು ಬೆರಗಿನಿಂದ ವರ್ಣಿಸುತ್ತಾನೆ. ಅಲ್ಲಿನ ಮೂರ್ತಿಯ ಕಣ್ಣುಗಳಿಗೆ ಎರಡು ಕೆಂಪು ಮಾಣಿಕ್ಯ.

ಇನ್ನೊಬ್ಬ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ, 1623ರಲ್ಲಿ ಬಂದವನು. ಉಳ್ಳಾಲದ ರಾಣಿಯನ್ನು ನೋಡಬೇಕೆಂದು ಮಣೇಲ್‌ಗೆ ಹೋದ. ರಾಣಿ ಅರಮನೆಯಲ್ಲಿ ಇರಲಿಲ್ಲ. ನೀರಿನ ಕಾಲುವೆ ತೋಡಿಸುವ ಜಾಗದಲ್ಲಿ ನಿಂತು ಕೆಲಸ ಮಾಡಿಸುತ್ತಿದ್ದಳು. ಬರಿಗಾಲು, ಮೈಗೆ ಹತ್ತಿ ಬಟ್ಟೆ, ತಲೆಯ ಮೇಲೆ ಓಲೆ ಕೊಡೆ. ನೋಡಲು ರಾಣಿಯಂತಿಲ್ಲ, ಅಡುಗೆ ಮನೆಯ ಕೆಲಸದವಳಂತೆ ಅಂದುಕೊಂಡವನು, ಮಾತು ಕೇಳಿದ ಮೇಲೆ ಅವಳ ಬುದ್ಧಿ ದೊಡ್ಡದು ಎಂದು ಬರೆದ. ನಮ್ಮಲ್ಲಿ ಗದ್ದೆಗೆ ಇಳಿದು ಆಳುಗಳ ಜೊತೆ ನಿಲ್ಲುವ ಗುತ್ತಿನ ಮನೆಯ ಯಜಮಾನ್ತಿಯರನ್ನು ಕಂಡವರಿಗೆ ಈ ಚಿತ್ರ ಹೊಸತಲ್ಲ. ಕದ್ರಿಯ ಜೋಗಿ ಮಠಕ್ಕೂ ಹೋಗಿ ಅಲ್ಲಿನ ಜೋಗಿಗಳ ಅರಸನನ್ನು ಅವನು ಕಂಡಿದ್ದಾನೆ. ಆ ಮಠದಲ್ಲಿ ಈಗಲೂ 12 ವರ್ಷಕ್ಕೊಮ್ಮೆ ಹೊಸ ರಾಜರು ಬರುತ್ತಾರೆ.

ಮಂಗಳೂರಿನ ಪತ್ರಗಳು ಕೈರೋದಲ್ಲಿ ಹೇಗೆ ಉಳಿದವು?

ದೇವರ ಹೆಸರು ಬರೆದ ಕಾಗದವನ್ನು ಸುಡಬಾರದು, ಎಸೆಯಬಾರದು ಎಂಬುದು ಯಹೂದಿಗಳ ಪದ್ಧತಿ. ಪತ್ರ ಅಂದ ಮೇಲೆ ಮೊದಲಿಗೆ ದೇವರ ಹೆಸರು ಇದ್ದೇ ಇರುತ್ತದೆ. ನಾವು ಶ್ರೀ ಬರೆದು ಶುರು ಮಾಡಿದ ಹಾಗೆ. ಹಾಗಾಗಿ ಬೇಡವಾದ ಕಾಗದವನ್ನೆಲ್ಲ ಹಳೇ ಕೈರೋದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದ ಒಂದು ಕೋಣೆಗೆ ಹಾಕುತ್ತಿದ್ದರು. ಆ ಕೋಣೆಗೆ ಗೆನೀಜಾ ಅನ್ನುತ್ತಾರೆ. ಅಲ್ಲಿ ಒಣ ಹವೆ, ಗೆದ್ದಲಿಲ್ಲ, ಬೂಸ್ಟಿಲ್ಲ. 1896–97ರಲ್ಲಿ ವಿದ್ವಾಂಸ ಸಾಲೊಮನ್ ಶೆಕ್ಟರ್ ಅದರ ದೊಡ್ಡ ಪಾಲನ್ನು ಕೇಂಬ್ರಿಡ್ಜ್‌ಗೆ ಕೊಂಡೊಯ್ದರು. ಈ ಕಡಲ ವ್ಯಾಪಾರದ ಪತ್ರಗಳನ್ನು ವರ್ಷಗಟ್ಟಲೆ ಕುಳಿತು ಓದಿ ಜೋಡಿಸಿದವರು ಎಸ್. ಡಿ. ಗೋಯಿಟೈನ್.

ಬೆನ್ ಯಿಜು ಊರು ಬಿಡುವಾಗ ತನ್ನ ಕಾಗದದ ಕಟ್ಟನ್ನು ಜೊತೆಗೆ ಒಯ್ದ. ಮೆಣಸಿನ ಬಾಕಿ, ಏಲಕ್ಕಿಯ ಮುಂಗಡ, ಪಾತ್ರೆಯ ತೂಕ. ಅದನ್ನು ಇಲ್ಲೇ ಬಿಟ್ಟು ಹೋಗಿದ್ದರೆ ಮೊದಲ ಮಳೆಗಾಲಕ್ಕೇ ಮುಗಿದಿರುತ್ತಿತ್ತು.

ನಿಮ್ಮ ಅಜ್ಜನ ಮಂಡಿಯಲ್ಲೂ ಜನ ಉಳಿಯುತ್ತಿದ್ದರಂತೆ, ಹೌದಾ?

ಹೌದು. ಕೆಳಗೆ ಮಂಡಿ, ಮೇಲೆ ಮರದ ಹಲಗೆಯ ಮಹಡಿ. ಲಕ್ಷದ್ವೀಪದ ಮಂಜಿಗಳು, ಅಂದರೆ ಸರಕಿನ ಹಾಯಿ ದೋಣಿಗಳು, ಬಂದಾಗ ಆ ಮಂಜಿಯವರು ಮಹಡಿಯಲ್ಲಿ ಮಲಗುತ್ತಿದ್ದರು. ಅವರು ತರುವುದು ಕೊಬ್ಬರಿ, ಹಗ್ಗದ ನಾರು. ಒಯ್ಯುವುದು ಅಕ್ಕಿ, ಬೆಲ್ಲ, ಹಂಚು. ಆ ದ್ವೀಪಗಳಲ್ಲಿ ಅಮಿನಿದಿವಿ ಗುಂಪಿನವು 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು. ಹಾಗಾಗಿ ಅವರಿಗೆ ಮಂಗಳೂರು ಪರಊರು ಅಲ್ಲ.

ಚಿಕ್ಕವನಿದ್ದಾಗ ನಾನು ಆ ಮಹಡಿ ಹತ್ತುತ್ತಿದ್ದೆ. ಹಲಗೆಯ ಸಂದಿಯಿಂದ ಕೆಳಗಿನ ಒಣಮೆಣಸಿನ ಘಾಟು ಮೇಲೆ ಬರುತ್ತಿತ್ತು. ಮಲಗಿದವರು ನಿದ್ದೆಯಲ್ಲೇ ಸೀನುತ್ತಿದ್ದರು. ಗೋಡೆಗೆ ಸಾಲಾಗಿ ಮೊಳೆ, ಒಂದೊಂದು ಮೊಳೆಗೆ ಒಬ್ಬೊಬ್ಬನ ಅಂಗಿ. ಅಂಗಿ ಇದ್ದರೆ ಮನುಷ್ಯ ಊರಲ್ಲಿದ್ದಾನೆ, ಇಲ್ಲದಿದ್ದರೆ ಮಂಜಿ ಹೊರಟಿದೆ ಅಂತ ಅಜ್ಜ ಲೆಕ್ಕ ಹಿಡಿಯುತ್ತಿದ್ದರು.

ಹತ್ತು ವರ್ಷಗಳ ಹಿಂದೆ ಆ ಕಟ್ಟಡ ಬಿತ್ತು. ಮಾರಿದವರು ಕೆಡವುವ ಮೊದಲು ಒಳಗಿದ್ದ ಲೆಕ್ಕದ ಪುಸ್ತಕಗಳನ್ನೆಲ್ಲ ಗುಜರಿಯವನಿಗೆ ತೂಕಕ್ಕೆ ಹಾಕಿದರು. ನನಗೆ ಸುದ್ದಿ ಗೊತ್ತಾಗಿ ಓಡಿದಾಗ ಟೆಂಪೊ ಹೋಗಿಯಾಗಿತ್ತು. ಆ ದಿನದ ಸಂಕಟ ಇನ್ನೂ ಆರಿಲ್ಲ.

ಈಗ ಬಂದರಿನಲ್ಲಿ ಏನು ನೋಡಬಹುದು? ಯಾವಾಗ ಹೋಗಬೇಕು?

ಬೆಳಿಗ್ಗೆ ಹೋಗಿ. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು ನಡೆದರೆ ಸಾಕು, ರಿಕ್ಷಾ ಬೇಡ. ಮೊದಲು ದಕ್ಕೆ. ಬೂತಾಯಿ, ಬಂಗುಡೆ ಬುಟ್ಟಿಗಳ ನಡುವೆ ಕಾಲಿಡಲು ಜಾಗ ಇರುವುದಿಲ್ಲ, ಹಳೇ ಚಪ್ಪಲಿ ಹಾಕಿಕೊಳ್ಳಿ. ಆಮೇಲೆ ಒಳಗಿನ ಓಣಿಗಳು. ಅಕ್ಕಿ, ಈರುಳ್ಳಿ, ಒಣಮೀನು, ಸಂಬಾರ ಸಾಮಾನಿನ ಅಂಗಡಿ. ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡ ಎಲ್ಲ ಒಂದೇ ವ್ಯಾಪಾರದಲ್ಲಿ ಕೇಳಿಸುತ್ತವೆ. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಓಣಿ ಖಾಲಿ.

ದೋಣಿಯಲ್ಲಿ ಬೆಂಗ್ರೆಗೆ ದಾಟಿ ಹಿಂದೆ ತಿರುಗಿ ನೋಡಿ. ಕಡಲಿನಿಂದ ಬಂದವನಿಗೆ ಊರು ಹೇಗೆ ಕಂಡಿರಬೇಕು ಅಂತ ಅಲ್ಲಿಂದ ಗೊತ್ತಾಗುತ್ತದೆ. ದೊಡ್ಡ ಹಡಗುಗಳು ಇಲ್ಲಿ ಸಿಗುವುದಿಲ್ಲ. ಅವೆಲ್ಲ ಪಣಂಬೂರಿನ ಹೊಸ ಬಂದರಿಗೆ ಹೋಗುತ್ತವೆ, ಅದು 1974ರಲ್ಲಿ ಶುರುವಾಯಿತು.

ಜೀನತ್ ಬಕ್ಷ್ ಮಸೀದಿಯೊಳಗೆ ಹೋಗಬಹುದಾ?

ಕೇಳಿಕೊಂಡು ಹೋಗಿ, ನಮಾಜಿನ ಹೊತ್ತು ಬಿಟ್ಟು. ಬಂದರಿನವರು ಇದನ್ನು ಬೆಳಿಯೆ ಪಳ್ಳಿ ಅನ್ನುತ್ತಾರೆ. 644ರಲ್ಲಿ ಅರಬ್ ವ್ಯಾಪಾರಿಗಳು ಕಟ್ಟಿಸಿದರು ಎಂಬುದು ಇಲ್ಲಿನವರ ನಂಬಿಕೆ. ಟಿಪ್ಪುವಿನ ಕಾಲದಲ್ಲಿ ಜೀರ್ಣೋದ್ಧಾರ ಆಯಿತು. ಒಳಗಿನ ಮರದ ಕಂಬಗಳ ಕೆತ್ತನೆಯನ್ನು ಹತ್ತಿರ ನಿಂತು ನೋಡಿ. ಹೂವು, ಬಳ್ಳಿ, ಎಲ್ಲ ನಮ್ಮ ಆಚಾರಿಗಳ ಉಳಿಯ ಗುರುತು.

ಬಂದರಿನಲ್ಲೇ ಉಳಿಯಲು ಈಗ ಜಾಗ ಇದೆಯಾ?

ಸಣ್ಣ ಲಾಡ್ಜುಗಳಿವೆ. ಕುಟುಂಬದ ಜೊತೆ ಬಂದರೆ ಹಂಪನಕಟ್ಟೆ ಕಡೆ ನೋಡಿ, ನಡೆಯುವಷ್ಟೇ ದೂರ.

ನಮ್ಮ ಮನೆಯಲ್ಲೂ ಹಳೇ ಲೆಕ್ಕದ ಪುಸ್ತಕಗಳಿವೆ. ಏನು ಮಾಡಬೇಕು?

ದಯವಿಟ್ಟು ಗುಜರಿಗೆ ಹಾಕಬೇಡಿ. ಲ್ಯಾಮಿನೇಶನ್ ಬೇಡ, ಅಂಟು ಟೇಪ್ ಬೇಡ, ಪ್ಲಾಸ್ಟಿಕ್ ಚೀಲ ಬೇಡ. ಪ್ಲಾಸ್ಟಿಕ್ಕಿನಲ್ಲಿ ಬೆವರು ನಿಂತು ಬೂಸ್ಟು ಹಿಡಿಯುತ್ತದೆ. ತೊಳೆದು ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲಕ್ಕೂ ಗೋಡೆಗೂ ತಾಗದ ಹಾಗೆ ಇಡಿ. ಮಳೆಗಾಲ ಕಳೆದ ಮೇಲೆ ಒಮ್ಮೆ ಬಿಡಿಸಿ, ನೆರಳಿನಲ್ಲಿ ಗಾಳಿಗೆ ಇಡಿ. ಬಿಸಿಲು ಬೇಡ, ಶಾಯಿ ಹಾರುತ್ತದೆ. ಪ್ರತಿ ಪುಟದ ಫೋಟೊ ತೆಗೆಯಿರಿ, ಮೊಬೈಲೇ ಸಾಕು. ಒಳಗೆ ಸಿಕ್ಕ ಬಿಡಿ ಚೀಟಿಗಳು ಯಾವ ಪುಟದಲ್ಲಿ ಇದ್ದವೋ ಅಲ್ಲೇ ಇರಲಿ. ಮನೆಯ ಹಿರಿಯರು ಇದ್ದರೆ ಹತ್ತಿರ ಕೂತು, ಈ ಹೆಸರು ಯಾರದ್ದು, ಈ ಗುರುತು ಏನು ಅಂತ ಕೇಳಿ ಬೇರೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅದನ್ನು ಆಮೇಲೆ ಮಾಡೋಣ ಅಂತ ಬಿಟ್ಟರೆ ಹೇಳುವವರು ಇರುವುದಿಲ್ಲ.

ನಮ್ಮಲ್ಲಿ ಒಂದೇ ಪುಸ್ತಕ ಉಳಿದಿದೆ, ಅಜ್ಜ ಮನೆಗೆ ತಂದಿಟ್ಟದ್ದು. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಪುಟ, ನೀಲಿ ಶಾಯಿ. ಒಂದು ಪುಟದ ಕೆಳಗೆ ಅಜ್ಜನ ಅಕ್ಷರದಲ್ಲಿ ಹೀಗಿದೆ: "ಮಹಡಿ, 3 ಜನ, 11 ರಾತ್ರಿ. ಗಾಳಿ ಸರಿ ಇಲ್ಲ. ಬಾಡಿಗೆ ಹಿಡಿದಿಲ್ಲ."